ಎಡಗಡೆಯ ಕಂಬ

ನಗಿಸುವ ಮಾತುಗಳನ್ನು ನಾನು ಬರೆಯುವುದಿಲ್ಲ. ಅವನ್ನು ಆಡುವವರು ತಾವೇ ತರುತ್ತಾರೆ. ನಾನು ಬರೆಯುವುದು ಅರ್ಧ ಪುಟ: ಈ ವಾರ ಅರಮನೆಯಲ್ಲಿ ಏನು ಕೆಟ್ಟಿದೆ, ಯಾರಿಗೆ ಏನು ಬೇಕಾಗಿದೆ, ಒಬ್ಬರ ಬಯಕೆ ಇನ್ನೊಬ್ಬರಿಗೆ ಹೇಗೆ ಅಡ್ಡ ಬರುತ್ತದೆ. ನಡುವೆ ಎಲ್ಲೋ ಒಂದು ಗುಂಡಿ ತೋಡಿ, ಮೇಲೆ ಎಲೆ ಮುಚ್ಚಿ ಬಿಡುತ್ತೇನೆ. ಯಾರು ಬೀಳುತ್ತಾರೆಂದು ನನಗೂ ಗೊತ್ತಿರುವುದಿಲ್ಲ. ಬೀಳುವವರು ಎಷ್ಟು ಗಂಭೀರವಾಗಿ ಬೀಳುತ್ತಾರೋ ಉಳಿದವರಿಗೆ ಅಷ್ಟು ನಗು.

ಅಮ್ಮ ತೀರಿಕೊಂಡ ವರ್ಷ ಶುರುವಾದ ಆಟ ಇದು. ಆಗ ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಪಾತ್ರಗಳಾದರೂ ಮಾತಾಡಲಿ ಎಂದು ಒಂದು ಭಾನುವಾರ ನಾನು ಆ ಅರ್ಧ ಪುಟವನ್ನು ಊಟದ ಮೇಜಿನ ಮೇಲೆ ಇಟ್ಟೆ. ಅಪ್ಪ ಒಂದೂವರೆ ಬೀದಿಯ ರಾಜ್ಯಕ್ಕೆ ದೊರೆ. ಅಪ್ಪ ಕೆಲಸ ಮಾಡುತ್ತಿದ್ದ ಚಪ್ಪಲಿ ಅಂಗಡಿಯಲ್ಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತಲೆ ಬೆಳ್ಳಗಾಗಿಸಿಕೊಂಡ ಗೆಳೆಯ, ನಮ್ಮ ಪಾಲಿಗೆ ಗಲ್ಲಾ ಮಾಮ, ಬೆಕ್ಕಿಗೆ ಹೆದರುವ ಸೇನಾಪತಿ. ತಮ್ಮ ದೊರೆಯ ಕುದುರೆ. ಆ ಕುದುರೆಗೆ ಮಾತು ಬರುತ್ತದೆ, ಓಟ ಬರುವುದಿಲ್ಲ. ಮಿಕ್ಕವರೆಲ್ಲ ನಾನು: ಕಳ್ಳ, ಅಡುಗೆಯವಳು, ಶತ್ರು ರಾಜ, ಬೆಕ್ಕು.

ಕಟ್ಟಳೆ ಎರಡೇ. ಪಾತ್ರದ ಬಾಯಿಂದ ಬಂದದ್ದು ಆಗಿಹೋಯಿತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ಎಲ್ಲರೂ ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಒಮ್ಮೆ ತಮ್ಮ ಯಾವುದೋ ಹುರುಪಿನಲ್ಲಿ "ನನಗೆ ಮದುವೆ ಆಗಿದೆ" ಎಂದುಬಿಟ್ಟ. ಅಂದಿನಿಂದ ಕುದುರೆಯ ಅತ್ತೆಯೂ ನಾನೇ. ಎರಡನೆಯದು, ಒಬ್ಬರ ಪಾತ್ರವನ್ನು ಇನ್ನೊಬ್ಬರು ಮುಗಿಸುವಂತಿಲ್ಲ. ಮುಗಿಸುವುದಿದ್ದರೆ ಆಡುವವರೇ ಮುಗಿಸಿಕೊಳ್ಳಬೇಕು.

ಈಗ ಅಪ್ಪ ಆಸ್ಪತ್ರೆಯಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿದ್ದಾರೆ. ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಲ್ಲಿ ಆದ ಹುಣ್ಣು ವಾಸಿಯಾಗದೆ ಪಾದವೇ ಕಪ್ಪಾಗಿದೆ. ನರ್ಸ್ ಬ್ಯಾಂಡೇಜನ್ನು ದಪ್ಪವಾಗಿ ಸುತ್ತುತ್ತಾಳೆ. ಆದರೂ ವಾಸನೆ ಬರುತ್ತದೆ. ವಾರ್ಡಿನ ಬಾಗಿಲಲ್ಲಿ ನಿಂತೇ ನಾನು ಅದನ್ನು ಮೂಗಿನಲ್ಲಿ ಅಳೆಯುತ್ತೇನೆ, ನಿನ್ನೆಗಿಂತ ಹೆಚ್ಚೋ, ಅಷ್ಟೇಯೋ ಎಂದು. ಕಡಿಮೆ ಎಂದು ಒಂದು ದಿನವೂ ಅನ್ನಿಸಿಲ್ಲ.

ಮೊಣಕಾಲಿನ ಕೆಳಗೆ ಕತ್ತರಿಸಬೇಕು, ತಡಮಾಡಿದರೆ ನಂಜು ಮೈಗೆಲ್ಲ ಏರುತ್ತದೆ ಎಂದು ಡಾಕ್ಟರಮ್ಮ ಅಪ್ಪನ ಮುಂದೆಯೇ ಹೇಳಿದರು. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಡಾಕ್ಟರಮ್ಮನ ಪಾದ ನೋಡಿದರು.

"ನೀವು ಒಂದು ಸೈಜು ದೊಡ್ಡದು ಹಾಕ್ಬೇಕಮ್ಮ. ಸಂಜೆ ಹೊತ್ತಿಗೆ ಬೆರಳು ನೋಯಲ್ವಾ?"

ಕಾಲಿನ ಮಾತು ಬಂದಾಗಲೆಲ್ಲ ಹೀಗೆಯೇ. ಒತ್ತಾಯ ಮಾಡಿದರೆ ಗೋಡೆ ಕಡೆ ತಿರುಗಿಬಿಡುತ್ತಿದ್ದರು. ಬದುಕಿಡೀ ಕಂಡವರ ಪಾದಗಳ ಮುಂದೆ ಕೂತ ಮನುಷ್ಯ ತನ್ನ ಪಾದದ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ತಮ್ಮ ಕೇಳಿದ, "ಮತ್ತಿನ ಇಂಜೆಕ್ಷನ್ ಕೊಟ್ಟು ಮಾಡಿಬಿಡೋಕಾಗಲ್ವಾ ಡಾಕ್ಟ್ರೇ? ಆಮೇಲೆ ನಾವು ಸಮಾಧಾನ ಮಾಡ್ತೀವಿ."

"ಅವರ ಬುದ್ಧಿ ನೆಟ್ಟಗಿದೆಯಲ್ಲಪ್ಪಾ. ಅವರೇ ಹೂಂ ಅನ್ಬೇಕು." ಡಾಕ್ಟರಮ್ಮ ನನ್ನ ಕಡೆ ತಿರುಗಿ ದನಿ ಇಳಿಸಿದರು. "ಕತ್ತರಿಸಿದ್ರೂ ಅರ್ಧಂಬರ್ಧ ನಂಬಿಕೆನೇ. ಹೃದಯಕ್ಕೆ ಶಕ್ತಿ ಇಲ್ಲ. ಮತ್ತೆ ಇನ್ನೂ ಮೇಲಕ್ಕೆ ಕತ್ತರಿಸೋ ಹಾಗೂ ಆಗ್ಬಹುದು. ಕತ್ತರಿಸದಿದ್ರೆ ಮಾತ್ರ ಈ ಅರ್ಧ ನಂಬಿಕೆನೂ ಇರಲ್ಲ."

ಅವರು ಹೋದ ಮೇಲೆ ತಮ್ಮ ಗೋಡೆಗೆ ಒರಗಿ ನಿಂತ. "ಅಪ್ಪನ ಹತ್ರ ಮಾತಾಡಿ ಪ್ರಯೋಜನ ಇಲ್ಲ ಅಕ್ಕ. ದೊರೆ ಹತ್ರ ಮಾತಾಡು. ನೀನು ಬರಿ. ಹೂಂ ಅನ್ಸೋ ಹಾಗೆ ಬರಿ."

ಬರೆದೆ. ಅಷ್ಟು ಸಾಲು ಹೊಡೆದುಹಾಕಿ, ಅಷ್ಟು ಹೆದರಿ ನಾನು ಯಾವ ಅರ್ಧ ಪುಟವನ್ನೂ ಬರೆದಿರಲಿಲ್ಲ. ಕಾಲು ಎಂಬ ಪದ ಎಲ್ಲೂ ಬಾರದಂತೆ ನೋಡಿಕೊಂಡೆ. ಅರಮನೆಗೆ ನಾಲ್ಕು ಕಂಬ. ಎಡಗಡೆಯ ಕಂಬಕ್ಕೆ ಗೆದ್ದಲು ಹಿಡಿದಿದೆ. ಅದನ್ನು ಕಡಿದು ಬೇರೆ ಆನಿಕೆ ಕೊಡದಿದ್ದರೆ ಅರಮನೆಯೇ ಬೀಳುತ್ತದೆ ಎಂದು ಬಡಗಿ ಹೇಳುತ್ತಾನೆ. ಬಡಗಿ ನಾನು.

ಭಾನುವಾರ ನೋಡಲು ಬಿಡುವ ಹೊತ್ತಿಗೆ ಮೂವರೂ ಮಂಚದ ಸುತ್ತ ಸೇರಿದೆವು. ಗಲ್ಲಾ ಮಾಮನಿಗೆ ಸ್ಟೂಲು, ತಮ್ಮನಿಗೆ ಕಿಟಕಿಯ ಕಟ್ಟೆ. ನಾನು ಮಂಚದ ಕೊನೆಯಲ್ಲಿ, ಬ್ಯಾಂಡೇಜಿನ ಪಕ್ಕ. ಅರ್ಧ ಪುಟ ಓದಿದೆ. ಅಪ್ಪ ದಿಂಬಿಗೆ ಒರಗಿ ಕಿರೀಟ ಸರಿಮಾಡಿಕೊಂಡರು. ಕಿರೀಟ ಇಲ್ಲ, ಆದರೆ ಆ ಕೈಯಾಡಿಸುವಿಕೆ ಯಾವಾಗಲೂ ಇದೆ.

"ಏನಯ್ಯಾ ಬಡಗಿ, ನಮ್ಮ ಕಂಬಕ್ಕೆ ಏನಾಗಿದೆ?"

"ಮಹಾಪ್ರಭುಗಳೇ, ಇದು ಕಂಬ ಅಲ್ಲ, ಗೆದ್ದಲಿಗೆ ಹಾಕಿದ ಔತಣ. ಇವತ್ತೇ ಕಡೀಬೇಕು."

"ಕಡೀತೀಯಾ?" ಸೇನಾಪತಿ ಸ್ಟೂಲಿನಿಂದ ಎದ್ದೇಬಿಟ್ಟರು. "ಬೆಕ್ಕು ಬಂದಾಗ ನಾನು ಅಡಗೋದು ಅದರ ಹಿಂದೇನೇ! ಅದನ್ನ ಕಡಿದ್ರೆ ಸೈನ್ಯದ ಗತಿ ಏನು?"

"ನನ್ನನ್ನ ಕಟ್ಟೋದೂ ಅದಕ್ಕೇ," ಎಂದಿತು ಕುದುರೆ. "ಬೇಗ ಕಡೀರಿ."

"ಬಿಟ್ರೆ ಎಲ್ಲಿಗೆ ಹೋಗ್ತೀಯೋ? ನಿನಗೆ ಓಡೋಕೆ ಬರಲ್ಲ," ಎಂದರು ದೊರೆ.

"ಅತ್ತೆ ಇಲ್ಲದ ಕಡೆ, ಪ್ರಭು. ತೆವಳಿಕೊಂಡಾದ್ರೂ ಹೋಗ್ತೀನಿ."

ಪರದೆಯ ಆಚೆ ಮಂಚದ ರೋಗಿ ನಕ್ಕ, ನಗು ಕೆಮ್ಮಾಯಿತು. ಅಪ್ಪನೂ ನಕ್ಕರು. ಎಲ್ಲ ಬರೆದ ಹಾಗೆಯೇ ನಡೆಯುತ್ತಿದೆ ಎಂದುಕೊಂಡೆ.

"ಕಡಿದ ಮೇಲೆ ಆನಿಕೆ ಕೊಡ್ತೀಯ. ಸರಿ," ಎಂದರು ದೊರೆ. "ರಾತ್ರಿ ಹೊತ್ತು ಅರಮನೇನ ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರು?"

"ಅರಮನೆ ಯಾಕೆ ಬಚ್ಚಲಿಗೆ..." ಎಂದು ಗಲ್ಲಾ ಮಾಮ ನಗಲು ಹೋಗಿ ಅಲ್ಲಿಗೇ ನಿಲ್ಲಿಸಿದರು.

ಅಪ್ಪನಿಗೆ ಮೊದಲ ಸಾಲಿನಿಂದಲೇ ಗೊತ್ತಾಗಿತ್ತು.

"ಬಡಗಿಗೆ ಒಬ್ಬಳು ಮಗಳಿದ್ದಾಳೆ ಪ್ರಭು," ಎಂದೆ. "ಅವಳು ಕರ್ಕೊಂಡು ಹೋಗ್ತಾಳೆ."

"ಅವಳಿಗೆ ಬೇರೆ ಕೆಲಸ ಇಲ್ವಾ?"

"ಇದೆ. ಆದರೂ ಕರ್ಕೊಂಡು ಹೋಗ್ತಾಳೆ."

ದೊರೆ ತಲೆಯಾಡಿಸಿದರು. ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸಿದರು, ಬಿಚ್ಚಿದರು. "ಇನ್ನೊಂದು ಮಾತು. ಈ ಕಂಬ ಕಡಿದ್ರೆ ಗೆದ್ದಲು ಅಲ್ಲಿಗೇ ನಿಲ್ಲುತ್ತಾ?"

ನಿಲ್ಲುತ್ತದೆ ಎಂದರೆ ಸಾಕಿತ್ತು. ಆಟದ ಕಟ್ಟಳೆಯ ಪ್ರಕಾರ ಅದು ನಿಂತೇಬಿಡುತ್ತಿತ್ತು. ದೊರೆಯೂ ಅದನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕಿತ್ತು. ಕಿಟಕಿಯ ಕಟ್ಟೆಯಿಂದ ತಮ್ಮ ನನ್ನ ಬಾಯನ್ನೇ ನೋಡುತ್ತಿದ್ದ. ಅಪ್ಪನೂ ನೋಡುತ್ತಿದ್ದರು. ಆ ನೋಟ ದೊರೆಯದಾಗಿರಲಿಲ್ಲ. ಆ ಒಂದು ಪದ ನನ್ನ ನಾಲಿಗೆಯ ಮೇಲೇ ಇತ್ತು.

"ಹೇಳೋಕಾಗಲ್ಲ ಪ್ರಭು. ಕಂಬದಲ್ಲಿರೋದು ಕಾಣ್ತಿದೆ. ತೊಲೇಲಿ ಇದೆಯೋ ಇಲ್ವೋ, ಕಡಿಯೋವರೆಗೂ ನನಗೂ ಕಾಣಲ್ಲ."

ಅಪ್ಪ ಕಣ್ಣು ಮುಚ್ಚಿದರು. ತೆರೆದಾಗ ದನಿ ಪೂರ್ತಿ ದೊರೆಯದು, ವಾರ್ಡಿನ ಆ ತುದಿಗೂ ಕೇಳುವಷ್ಟು.

"ಎಲ್ಲರೂ ಕೇಳಿ. ಕಂಬ ಕಡಿಯತಕ್ಕದ್ದಲ್ಲ. ನಾಲ್ಕು ಕಂಬದ ಮೇಲೆ ಕಟ್ಟಿದ ಅರಮನೆ ನಾಲ್ಕರ ಸಮೇತ ಬೀಳತಕ್ಕದ್ದು. ಜೋಡಿ ತಪ್ಪಿದ ಚಪ್ಪಲೀನ ಕಪಾಟಿನಲ್ಲಿಟ್ಟು ದಿನಾ ಧೂಳು ಒರೆಸಿದೀನಿ ನಾನು. ಅದನ್ನ ಯಾರೂ ಮನೆಗೆ ತಗೊಂಡು ಹೋಗಲ್ಲ."

ತಮ್ಮ ಕಟ್ಟೆಯಿಂದ ಇಳಿದ. "ಅಪ್ಪಾ, ಸಾಕು ಆಟ. ಅಕ್ಕ ಏನೋ ಅಂದ್ಲು, ಅದನ್ನೇ ಹಿಡ್ಕೋಬೇಡಿ. ನಾವಿದೀವಲ್ಲಪ್ಪಾ..." ಮುಖ ಮುಚ್ಚಿಕೊಂಡ.

ಅಪ್ಪ ಅವನನ್ನು ನೋಡಿದರು. ಆಮೇಲೆ ಗೆಳೆಯನನ್ನು.

"ಸೇನಾಪತಿ, ಕುದುರೆ ಯಾಕಯ್ಯಾ ಅಳ್ತಾ ಇದೆ?"

ಗಲ್ಲಾ ಮಾಮ ಕಟ್ಟಳೆ ಮುರಿಯಲಿಲ್ಲ. "ಅತ್ತೆ ಬರ್ತಾ ಇದಾಳಂತೆ, ಪ್ರಭು."

"ಹಾಗಾದ್ರೆ ಅಳಲಿ ಬಿಡು." ಅಪ್ಪ ಕೈ ಚಾಚಿ ತಮ್ಮನ ತೋಳು ಹಿಡಿದುಕೊಂಡರು. ಹಿಡಿದುಕೊಂಡೇ ನನಗೆ ಹೇಳಿದರು, "ಬಡಗಿ ಊಟ ಮಾಡ್ಕೊಂಡು ಹೋಗ್ಲಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳಿದ."

ಮೆಟ್ಟಿಲಿಳಿಯುವಾಗ ತಮ್ಮ ನನಗಿಂತ ಮುಂದೆ ಹೋಗುತ್ತಿದ್ದ. ತಿರುಗದೆಯೇ ಹೇಳಿದ, "ಒಂದು ಪದ ಅಕ್ಕ. ವಾರ ವಾರ ಕಥೆ ಕಟ್ಟಿ ಹೇಳೋಳು ನೀನು. ಒಂದೇ ಒಂದು ಪದ ಹೇಳೋಕಾಗ್ಲಿಲ್ವಾ?"

ಅವನು ಕೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ಅಪ್ಪ ಅವರ ಚಪ್ಪಲಿಯ ಮಾತೆತ್ತಲಿಲ್ಲ. "ಬೇಡಮ್ಮ," ಎಂದರು, ತಮ್ಮದೇ ದನಿಯಲ್ಲಿ. "ನೋವು ಕಡಿಮೆ ಮಾಡಿ, ಸಾಕು." ಡಾಕ್ಟರಮ್ಮ ಇನ್ನೊಮ್ಮೆ ಎಲ್ಲವನ್ನೂ ಬಿಡಿಸಿ ಹೇಳಿದರು, ಅರ್ಧಂಬರ್ಧ ನಂಬಿಕೆಯ ಮಾತನ್ನೂ. ಅಪ್ಪ ಗೋಡೆ ಕಡೆ ತಿರುಗದೆ ಕೊನೆಯವರೆಗೂ ಕೇಳಿಸಿಕೊಂಡು, ಮತ್ತೆ ಬೇಡ ಎಂದರು. ಡಾಕ್ಟರಮ್ಮ ನನ್ನ ಮುಖ ನೋಡಿದರು. "ಅವರ ಬಾಯಿಂದ ಬಂದದ್ದು ಆಗಿಹೋಯ್ತು," ಎಂದೆ.

ಈಗ ಜ್ವರ ಬಿಡುತ್ತಿಲ್ಲ. ಎಚ್ಚರವಿದ್ದಾಗ ಅಪ್ಪ ಮುಂದಿನ ಭಾನುವಾರದ ಮಾತನ್ನೇ ಆಡುತ್ತಾರೆ. "ಅರಮನೆ ಬೀಳೋದು ಚೆನ್ನಾಗಿರ್ಬೇಕು. ಯಾರನ್ನೂ ಅಳಿಸೋಕೆ ಹೋಗ್ಬೇಡ. ಅದು ಯಾರಿಗಾದ್ರೂ ಬರುತ್ತೆ." ನಾನು ಸ್ಟೂಲಿನ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತೇನೆ. ಅರಮನೆ ಬೀಳುವಾಗ ಯಾರು ಎಲ್ಲಿ ನಿಂತಿರುತ್ತಾರೆ ಎಂದು ಒಬ್ಬೊಬ್ಬರನ್ನೇ ಹುಡುಕಿ ಹುಡುಕಿ ನಿಲ್ಲಿಸುತ್ತೇನೆ.

"ಬೆಕ್ಕು?" ಎಂದರು, ಕಣ್ಣು ಮುಚ್ಚಿಕೊಂಡೇ.

"ಸೇನಾಪತಿ ತಬ್ಬಿಕೊಂಡು ಆಚೆಗೆ ತರ್ತಾನೆ. ತಬ್ಬಿಕೊಂಡಿರೋದು ಬೆಕ್ಕು ಅಂತ ಆಮೇಲೆ ನೋಡ್ತಾನೆ."

"ಕುದುರೆ?"

"ಓಡುತ್ತೆ ಅಪ್ಪ. ಮೊದಲ ಸಲ."

ಒಣಗಿದ ತುಟಿ ಸ್ವಲ್ಪ ಅಗಲವಾಯಿತು. "ಅತ್ತೆ?"

"ಹಿಂದೇನೇ. ಅವಳು ಇನ್ನೂ ಜೋರಾಗಿ."

ನಕ್ಕರು. ಮಂಚ ಅಲುಗಿತು, ಅಲುಗಿದ್ದು ಕಾಲಿಗೆ ತಾಗಿತು, ನಗು ಹಲ್ಲುಕಚ್ಚುವುದರಲ್ಲಿ ನಿಂತಿತು. ನಾನು ಹತ್ತಿ ಒದ್ದೆ ಮಾಡಿ ಅವರ ತುಟಿಗೆ ಒತ್ತಿದೆ.

ದೊರೆ ಎಲ್ಲಿರುತ್ತಾನೆ ಎಂದು ಅವರು ಕೇಳಲಿಲ್ಲ. ಕಾಗದದಲ್ಲಿ ಆ ಸಾಲನ್ನು ಅವರಿಗೆಂದೇ ಖಾಲಿ ಬಿಟ್ಟಿದ್ದೇನೆ. ಈ ಗುಂಡಿಯ ಮೇಲೆ ಎಲೆ ಮುಚ್ಚಿಲ್ಲ.