ನಾಲ್ಕನೇ ದಿನ ಮುಚ್ಚಿದ ಬಾಟಲಿ

ನಿಮ್ಮ ಫೋನಿನಲ್ಲೂ ಅಂಥದೊಂದು ಗುಂಪು ಇದ್ದೇ ಇರುತ್ತದೆ. ಗಿಡ ಬೆಳೆಸುವವರದೋ, ಹೊಲಿಗೆಯವರದೋ, ಅಡುಗೆಯವರದೋ. ಒಬ್ಬರು ಏನೋ ಕೇಳುತ್ತಾರೆ, ಹತ್ತು ಜನ ಉತ್ತರ ಹೇಳುತ್ತಾರೆ. ಆ ಹತ್ತರಲ್ಲಿ ಯಾವುದು ಸರಿ ಎಂದು ನೋಡುವವರು ಯಾರು? ಹಾಗೆ ನೋಡುತ್ತ ಕೂತಿದ್ದ ಒಬ್ಬಳ ಕಥೆ ಇದು.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಹಿಂದಿನ ಚಿಕ್ಕ ಕೋಣೆಯಲ್ಲಿ ಯಂತ್ರದ ಮುಂದೆ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ವಯಸ್ಸು ನಲವತ್ಮೂರು ಆದರೂ ಮನೆಯವರಿಗೆ ಇವತ್ತಿಗೂ ಪುಟ್ಟಿ. ನಾವೂ ಹಾಗೇ ಕರೆಯೋಣ.

ಪುಟ್ಟಿಗೆ ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ. ತಿಂಗಳಿಗೊಮ್ಮೆ ಒಂದು ದೊಡ್ಡ ಪಾತ್ರೆ, ಅಷ್ಟೇ. ಒಂಬತ್ತು ವರ್ಷದ ಹಿಂದೆ ಇಬ್ಬರು ಗೆಳೆಯರ ಜೊತೆ ಸೇರಿ, ಇದೇ ಹವ್ಯಾಸ ಇರುವವರಿಗಾಗಿ ಒಂದು ಆನ್‌ಲೈನ್ ಫೋರಂ ಶುರು ಮಾಡಿದಳು. ಮೊದಲು ನಲವತ್ತು ಜನ ಇದ್ದರು. ಈಗ ಹನ್ನೊಂದು ಸಾವಿರ. ಯಾರು ಏನು ಬರೆದರೂ ಅದನ್ನು ಓದಿ, ಇರಬೇಕಾದ್ದನ್ನು ಇಟ್ಟು, ಬೇಡದ್ದನ್ನು ತೆಗೆಯುವವರನ್ನು ಮಾಡರೇಟರ್ ಅನ್ನುತ್ತಾರೆ. ಆ ಕೆಲಸ ಮೂವರದಾಗಿತ್ತು. ಒಬ್ಬಳಿಗೆ ಮಗುವಾಯಿತು, ಬಿಟ್ಟಳು. ಇನ್ನೊಬ್ಬ ‘ತಲೆ ಕೆಟ್ಟುಹೋಯ್ತು ಮಾರಾಯ್ತಿ’ ಎಂದು ಒಂದು ಸಾಲು ಬರೆದು ಹೋದವನು ತಿರುಗಿ ನೋಡಲಿಲ್ಲ. ಪುಟ್ಟಿ ಒಬ್ಬಳೇ ಉಳಿದಳು.

ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನು. ಬೋಳು ತಲೆಯಲ್ಲಿ ಕೂದಲು ಬರಿಸುವ ಎಣ್ಣೆಯ ಜಾಹೀರಾತನ್ನು ಅಳಿಸು. ‘ನೀನು ಮಾಡೋದು ಬಿಯರೇ ಅಲ್ಲ’ ಎಂದವನಿಗೂ, ‘ನಿಮ್ಮಪ್ಪ ಮಾಡ್ತಿದ್ನಾ?’ ಎಂದು ತಿರುಗಿ ಬೈದವನಿಗೂ ಬುದ್ಧಿ ಹೇಳು. ನಿನ್ನೆ ಉತ್ತರಿಸಿದ ಪ್ರಶ್ನೆಯನ್ನೇ ಇವತ್ತು ಕೇಳಿದವನಿಗೆ ನಿನ್ನೆಯ ಉತ್ತರವನ್ನೇ ಮತ್ತೆ ಬರೆ. ಅಷ್ಟರಲ್ಲಿ ಡಬ್ಬಿಯ ಊಟ ತಣ್ಣಗಾಗಿರುತ್ತಿತ್ತು. ಸಂಜೆ ಮನೆಗೆ ಹೋದಮೇಲೂ ಅದೇ. ಸಂಬಳ ಇಲ್ಲ, ಸೈ ಅನ್ನುವವರಿಲ್ಲ. ಬೈಗುಳಕ್ಕೆ ಮಾತ್ರ ಬರವಿರಲಿಲ್ಲ.

ಪುಟ್ಟಿಯ ಭಾವನದು ಬೇಕರಿ. ಮೂವತ್ತು ವರ್ಷದಿಂದ ಹಿಟ್ಟು ನಾದಿದ ಕೈ. ನಾದಿನಿಯನ್ನು ನೋಡಿ ಅವರಿಗೂ ಬಿಯರಿನ ಹುಚ್ಚು ಹತ್ತಿತು. ಫೋರಂನಲ್ಲಿ ‘ಒಲೆಯಣ್ಣ’ ಎಂಬ ಹೆಸರಿಟ್ಟುಕೊಂಡರು. ಮಾತು ಬಲ್ಲವರು, ನಗಿಸುವವರು. ಒಲೆಯಣ್ಣ ಬರೆದರೆಂದರೆ ಲೈಕುಗಳ ಸುರಿಮಳೆ.

ಒಂದು ದಿನ ಒಲೆಯಣ್ಣ ಬರೆದರು: ‘ನಾಲ್ಕು ದಿನ ಹುದುಗಿದ್ರೆ ಸಾಕು ಕಣ್ರಪ್ಪಾ. ನೊರೆ ಇಳೀತಾ? ಬಾಟಲಿಗೆ ಹಾಕಿ ಮುಚ್ಚಳ ಬಿಗೀರಿ. ಯಾವ ಬಾಟಲಿ ಆದ್ರೂ ನಡೆಯುತ್ತೆ. ಅಳೆಯೋದು ಗಿಳಿಯೋದು ಎಲ್ಲ ಕೈ ನಂಬದವರ ಕೆಲಸ. ಹನ್ನೆರಡು ಸಲ ಮಾಡಿದೀನಿ, ಒಂದು ಸಲಾನೂ ಕೆಟ್ಟಿಲ್ಲ.’

ಪುಟ್ಟಿ ಓದಿದಳು. ತಕ್ಷಣ ಪೋಸ್ಟ್ ತೆಗೆದಳು.

ಅವತ್ತೇ ಸಂಜೆ ಭಾವ ಮನೆಗೆ ಬಂದರು, ಹಿಂದೆಯೇ ಅಕ್ಕ. ಭಾವ ಕೂರಲೂ ಇಲ್ಲ.

“ಏನು ಪುಟ್ಟಿ, ನನ್ನ ಮಾತೇ ಅಳಿಸಿಬಿಟ್ಯಲ್ಲ?”

“ಭಾವ, ಅದು ಅಪಾಯ. ನೊರೆ ಇಳಿದ ಮಾತ್ರಕ್ಕೆ ಈಸ್ಟ್ ಕೆಲಸ ಮುಗಿಸಿದೆ ಅಂತಲ್ಲ. ರಸದಲ್ಲಿ ಸಕ್ಕರೆ ಉಳಿದಿದ್ರೆ ಅದು ಬಾಟಲಿಯೊಳಗೇ ತಿಂತಾ ಇರುತ್ತೆ. ತಿಂದಷ್ಟೂ ಗ್ಯಾಸ್ ಬರುತ್ತೆ. ಮುಚ್ಚಳ ಬಿಗಿದಿದ್ರೆ ಆ ಗ್ಯಾಸ್ ಎಲ್ಲಿಗೆ ಹೋಗಬೇಕು? ಬಾಟಲೀನೇ ಒಡೆಯುತ್ತೆ.”

“ಈಸ್ಟ್ ಬಗ್ಗೆ ನಂಗೆ ಪಾಠ ಹೇಳ್ತೀಯಾ? ನೀನು ಹುಟ್ಟೋಕೆ ಮುಂಚೆ ಅಲ್ದಿದ್ರೂ, ನೀನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ್ಲೇ ನಾನು ಈಸ್ಟ್ ಹಿಡಿದವನು!”

“ಹಾಗಲ್ಲ ಭಾವ...”

ಅಕ್ಕ ನಡುವೆ ಬಾಯಿ ಹಾಕಿದಳು. “ಹನ್ನೊಂದು ಸಾವಿರ ಜನರ ಮುಂದೆ ಅವರ ಮರ್ಯಾದೆ ತೆಗೆದೆಯಲ್ಲೇ. ಒಂದು ಮಾತು ಫೋನ್ ಮಾಡಿ ಹೇಳೋಕೆ ನಿನಗೆ ಬಾಯಿ ಇರ್ಲಿಲ್ವಾ?”

ಆ ಮಾತು ಪುಟ್ಟಿಗೆ ತಾಗಿತು, ಏಕೆಂದರೆ ಅದು ನಿಜವಾಗಿತ್ತು. ದಿನಕ್ಕೆ ನೂರು ಪೋಸ್ಟ್ ಅಳಿಸುವ ಕೈ ಇದನ್ನೂ ಹಾಗೇ ಅಳಿಸಿತ್ತು. ಏಕೆ ಎಂದು ಒಂದು ಸಾಲನ್ನೂ ಬರೆದಿರಲಿಲ್ಲ.

ಆಮೇಲೆ ಹತ್ತು ದಿನ ಅಕ್ಕ ಫೋನ್ ಎತ್ತಲಿಲ್ಲ. ಫೋರಂನಲ್ಲಿ ‘ಒಲೆಯಣ್ಣನ ಪೋಸ್ಟ್ ಎಲ್ಲಿ?’, ‘ಮೇಡಮ್‌ಗೆ ಹೊಟ್ಟೆಕಿಚ್ಚು’ ಎಂದು ದಿನವೂ ಗಲಾಟೆ. ಪುಟ್ಟಿಗೆ ಸಾಕುಸಾಕಾಗಿ ಹೋಯಿತು. ಒಂದು ಮಧ್ಯಾಹ್ನ ಡಬ್ಬಿ ಹಾಗೇ ಮುಚ್ಚಿಟ್ಟು, ‘ಏನಾದ್ರೂ ಮಾಡ್ಕೊಳ್ಳಿ’ ಎಂದು ಬಾಯಿಬಿಟ್ಟೇ ಹೇಳಿ, ಆ ಪೋಸ್ಟನ್ನು ಮತ್ತೆ ಹಾಕಿಬಿಟ್ಟಳು. ಸಂಜೆ ಅಕ್ಕನ ಫೋನ್ ಬಂತು. “ಭಾನುವಾರ ಊಟಕ್ಕೆ ಬಾ” ಅಂದಳು.

ಪುಟ್ಟಿ ಹೋದಳು, ಉಂಡಳು, ನಕ್ಕಳು. ಆ ಪೋಸ್ಟಿನ ಸುದ್ದಿ ಮಾತ್ರ ಎತ್ತಲಿಲ್ಲ.

ಒಂದು ತಿಂಗಳಾಯಿತು. ಫೋರಂನಲ್ಲಿ ಅಷ್ಟೇನೂ ಬರೆಯದ ಒಬ್ಬ ಸದಸ್ಯರಿಂದ ಒಂದು ಪೋಸ್ಟ್ ಬಂತು. ಅವರು ಸಿಟಿ ಬಸ್ಸಿನ ಡ್ರೈವರ್.

‘ನಮಸ್ಕಾರ. ಒಲೆಯಣ್ಣ ಹೇಳಿದ ಹಾಗೆಯೇ ನಾಲ್ಕು ದಿನ ಎಣಿಸಿದೆ. ನೊರೆ ಇಳಿದಿತ್ತು. ಮನೆಯಲ್ಲಿದ್ದ ಗಾಜಿನ ಜ್ಯೂಸ್ ಬಾಟಲಿಗಳಿಗೆ ತುಂಬಿ ಫ್ರಿಜ್ಜಿನ ಮೇಲೆ ಇಟ್ಟೆ. ಆರನೇ ದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ನೀರು ತೆಗೆದುಕೊಳ್ಳೋಣ ಎಂದು ಫ್ರಿಜ್ ಬಾಗಿಲು ತೆಗೆದೆ. ಒಂದು ಬಾಟಲಿ ಒಡೆಯಿತು. ಬಲಗಣ್ಣಿಗೆ ಗಾಜು ಹೊಕ್ಕಿತು. ಆಪರೇಷನ್ ಆಗಿದೆ. ಕಣ್ಣು ಇದೆ, ಆದರೆ ಆ ಕಣ್ಣಿಗೆ ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ, ಇನ್ನು ಬಸ್ ಓಡಿಸಲು ಬಿಡುವುದಿಲ್ಲ ಎಂದರು. ನಾನು ಯಾರನ್ನೂ ದೂರುತ್ತಿಲ್ಲ. ನನ್ನಿಂದ ಏನು ತಪ್ಪಾಯಿತು ಎಂದು ಯಾರಾದರೂ ತಿಳಿಸಿ. ಬರೆದಿದ್ದರಲ್ಲಿ ತಪ್ಪಿದ್ದರೆ ಮನ್ನಿಸಿ, ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ.’

ಪುಟ್ಟಿ ಯಂತ್ರ ನಿಲ್ಲಿಸಿದಳು. ಎರಡು ಸಲ ಓದಿದಳು. ಮೂರನೆಯ ಸಲ ಓದಲು ಆಗಲಿಲ್ಲ. ಅಂಗಡಿಯ ಯಜಮಾನರಿಗೆ ಹೇಳಿ ಅರ್ಧ ದಿನ ರಜೆ ಹಾಕಿದಳು. ಹೊರಡುವಾಗ ಭಾವನೂ ಬಿಯರ್ ಮಾಡುವುದು ನೆನಪಾಗಿ, ಗಾಜು ಉಜ್ಜುವಾಗ ಕಣ್ಣಿಗೆ ಹಾಕಿಕೊಳ್ಳುವ ದಪ್ಪ ಕನ್ನಡಕ ಎರಡನ್ನು ಚೀಲಕ್ಕೆ ಹಾಕಿಕೊಂಡು ನೇರ ಬೇಕರಿಗೆ ನಡೆದಳು.

ಬೇಕರಿಗೆ ಅವತ್ತು ವಾರದ ರಜೆ. ಭಾವ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದರು. ಅಕ್ಕ ಒಳಗಿನ ಸಾಮಾನಿನ ಕೋಣೆಯಲ್ಲಿ ಮಣೆ ಹಾಕಿಕೊಂಡು ಕೇಕಿನ ಡಬ್ಬ ಮಡಚುತ್ತಿದ್ದಳು. ಪುಟ್ಟಿ ಫೋನನ್ನು ಭಾವನ ಕೈಗೆ ಕೊಟ್ಟಳು.

ಭಾವ ಓದಿದರು. ಮುಖ ಬಿಳಿಚಿತು. ಆದರೂ ಬಾಯಿ ಸೋಲಲಿಲ್ಲ.

“ಜ್ಯೂಸ್ ಬಾಟಲಿ ತೆಳು. ಅದಕ್ಕೆ ಒಡೆದಿದೆ.”

“ಯಾವ ಬಾಟಲಿ ಆದ್ರೂ ನಡೆಯುತ್ತೆ ಅಂತ ಬರೆದಿದ್ದು ಯಾರು ಭಾವ?”

ಭಾವ ಫೋನನ್ನು ಹಿಂದಕ್ಕೆ ಕೊಟ್ಟರು. ಆಮೇಲೆ, “ಹನ್ನೆರಡು ಸಲ ಮಾಡಿದೀನಿ ಪುಟ್ಟಿ. ಸುಳ್ಳು ಹೇಳಿಲ್ಲ” ಅಂದರು. ದನಿ ಇಳಿದಿತ್ತು.

“ಸುಳ್ಳು ಅಂತ ನಾನು ಹೇಳ್ತಿಲ್ಲ. ನಿಮ್ಮ ಪಾತ್ರೆ ಎಲ್ಲಿಡ್ತೀರಿ?”

“ಒಲೆ ಪಕ್ಕ.”

“ಅಲ್ಲಿ ಹಗಲೂ ರಾತ್ರಿ ಬೆಚ್ಚಗಿರುತ್ತೆ. ಈಸ್ಟ್ ದುಡಿದು ನಾಲ್ಕು ದಿನದಲ್ಲಿ ಮುಗಿಸಿಬಿಡುತ್ತೆ. ಆ ಡ್ರೈವರ್ ಮನೆ ತಣ್ಣಗಿತ್ತೇನೋ. ಚಳಿಗೆ ಈಸ್ಟ್ ನಿದ್ದೆ ಹೋಯ್ತು, ನೊರೆ ಇಳೀತು. ಮುಗೀತು ಅಂದ್ಕೊಂಡು ಅವರು ಮುಚ್ಚಿದ್ರು. ಫ್ರಿಜ್ಜಿನ ಮೇಲೆ ಬಿಸಿ ತಾಗಿ ಅದು ಮತ್ತೆ ಎದ್ದು ಕೂತಿದೆ. ನೀವೇ ಹೇಳಿ ಭಾವ, ಚಳಿಗೆ ಉಬ್ಬದೆ ಇದ್ದ ಹಿಟ್ಟು ಬಿಸಿಗೆ ಬಂದರೆ ಏನಾಗುತ್ತೆ?”

ಭಾವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಒಲೆಯ ಕಡೆ ನೋಡಿದರು. ಆಮೇಲೆ ಒಮ್ಮೆಲೇ ಗಾಬರಿಯಾದರು.

“ಪುಟ್ಟಿ, ಹೋದ ವಾರ ಒಲೆ ರಿಪೇರಿಗೆ ನಿಲ್ಸಿದ್ದೆ. ನಾಲ್ಕು ದಿನ ತಣ್ಣಗಿತ್ತು. ಆ ಹೊತ್ತಲ್ಲೇ ಒಂದು ಪಾತ್ರೆ ಹಾಕಿದ್ದೆ. ನಾಲ್ಕನೇ ದಿನ ಬಾಟಲಿಗೆ ತುಂಬಿದೆ. ಇಪ್ಪತ್ತೆರಡು ಬಾಟಲಿ.”

“ಎಲ್ಲಿವೆ?”

“ಸಾಮಾನಿನ ಕೋಣೇಲಿ. ಕೆಳಗಿನ ಹಲಗೆ ಮೇಲೆ, ಒಲೆ ಗೋಡೆ ಪಕ್ಕ. ಮೊನ್ನೆಯಿಂದ ಒಲೆ ಮತ್ತೆ ಹೊತ್ತಿದೆ, ಈಗ ಅಲ್ಲೂ ಬಿಸಿ.”

ಅಕ್ಕ ಕೂತಿದ್ದ ಮಣೆಯಿಂದ ಆ ಹಲಗೆಗೆ ಒಂದು ಮೊಳ ದೂರ.

“ಅಕ್ಕ, ಎದ್ದು ಹೊರಗೆ ಬಾ” ಎಂದಳು ಪುಟ್ಟಿ. “ಏನನ್ನೂ ಮುಟ್ಟಬೇಡ. ಸುಮ್ಮನೆ ಬಾ.”

“ಇನ್ನು ನಾಲ್ಕೇ ಡಬ್ಬ ಇದೆ ಕಣೇ, ಮುಗಿಸಿ...”

“ಎದ್ದು ಬಾರೇ!” ಎಂದು ಭಾವ ಕೂಗಿದರು. ಮದುವೆಯಾದ ಮೇಲೆ ಅವರು ಅಕ್ಕನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಅಕ್ಕ ಡಬ್ಬ ಬಿಟ್ಟು ಹೊರಗೆ ಬಂದಳು.

ಪುಟ್ಟಿ ಕನ್ನಡಕ ಹಾಕಿಕೊಂಡಳು, ಭಾವನಿಗೂ ಒಂದನ್ನು ಕೊಟ್ಟಳು. ಇಬ್ಬರೂ ಒಲೆಯ ದಪ್ಪ ಕೈಗವಸು ತೊಟ್ಟರು. ದಪ್ಪ ಕಂಬಳಿಯೊಂದನ್ನು ನೀರಿನಲ್ಲಿ ನೆನೆಸಿ, ಹಲಗೆಯ ಮೇಲಿದ್ದ ಬಾಟಲಿಗಳು ಅಲುಗದಂತೆ ಮೆಲ್ಲಗೆ ಹೊದಿಸಿದರು. ಕಂಬಳಿಯ ಮೇಲೆ ಐಸಿನ ಚೀಲಗಳನ್ನಿಟ್ಟು ಬಾಗಿಲು ಹಾಕಿ ಹೊರಗೆ ಬಂದರು.

“ತಣ್ಣಗಾದರೆ ಒತ್ತಡ ಇಳಿಯುತ್ತೆ. ಆಮೇಲೆ ಒಂದೊಂದೇ ಬಿಚ್ಚೋಣ” ಅಂದಳು ಪುಟ್ಟಿ.

“ಇಷ್ಟೆಲ್ಲ ಬೇಕಾ?” ಎಂದಳು ಅಕ್ಕ. “ನೋಡೋಕೆ ಚೆನ್ನಾಗೇ ಇದ್ವಲ್ಲ...”

ಮಾತು ಮುಗಿದಿರಲಿಲ್ಲ. ಒಳಗೆ ‘ಧಡ್’ ಎಂದಿತು. ಹಿಂದೆಯೇ ಇನ್ನೊಂದು ಸಲ. ಬಾಗಿಲ ಸಂದಿಯಿಂದ ಬಿಯರ್ ಹರಿದು ಬಂದು ಅಕ್ಕನ ಚಪ್ಪಲಿ ತೋಯಿಸಿತು.

ಮೂವರೂ ಅಲ್ಲೇ ನಿಂತರು. ಎರಡು ಗಂಟೆ ಬಿಟ್ಟು ಒಳಗೆ ಹೋದಾಗ ನೋಡಿದರು: ಬೆರಳುದ್ದದ ಒಂದು ಗಾಜಿನ ಚೂರು ಕಂಬಳಿಗೆ ಚುಚ್ಚಿಕೊಂಡು ನಿಂತಿತ್ತು. ಕಂಬಳಿ ಇರದಿದ್ದರೆ ಅದು ಮಣೆಯ ಕಡೆಗೇ ಹಾರುತ್ತಿತ್ತು. ಉಳಿದ ಇಪ್ಪತ್ತು ಬಾಟಲಿಗಳ ಮುಚ್ಚಳವನ್ನು ಕಂಬಳಿಯ ಅಡಿಯಲ್ಲೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಡಿಲಿಸಿ ಗ್ಯಾಸ್ ಬಿಟ್ಟರು.

ಕೊನೆಗೆ ಪುಟ್ಟಿ ಒಂದು ಬಾಟಲಿಯ ಬಿಯರನ್ನು ಉದ್ದನೆಯ ಗ್ಲಾಸಿಗೆ ಹಾಕಿ, ಗ್ಯಾಸ್ ಹೋಗುವ ತನಕ ಕಲಕಿ, ಅಷ್ಟರಲ್ಲಿ ಮನೆಯಿಂದ ತರಿಸಿಟ್ಟಿದ್ದ ಹೈಡ್ರೋಮೀಟರನ್ನು ಅದರಲ್ಲಿ ಬಿಟ್ಟಳು. ಅದು ಗೆರೆ ಬರೆದ ಒಂದು ಗಾಜಿನ ಕೊಳವೆ. ಸಕ್ಕರೆ ಹೆಚ್ಚಿದ್ದರೆ ಮೇಲೆ ತೇಲುತ್ತದೆ, ಕಡಿಮೆಯಾದಂತೆ ಕೆಳಗಿಳಿಯುತ್ತದೆ.

“ಹದಿನೆಂಟರ ಗೆರೆ” ಎಂದು ಭಾವನೇ ಓದಿದರು. “ಎಷ್ಟಕ್ಕೆ ಬರ್ಬೇಕಿತ್ತು?”

“ನಿಮ್ಮ ಈ ಬಿಯರಿಗೆ ಹತ್ತರ ಹತ್ತಿರ. ಅಲ್ಲಿಗೆ ಬಂದು, ಮೂರು ದಿನ ಒಂದೇ ಗೆರೆ ಮೇಲೆ ನಿಂತರೆ ಮುಗೀತು ಅಂತ.”

“ಇಷ್ಟೇನಾ ಕೆಲಸ?”

“ಇಷ್ಟೇ ಭಾವ.”

ಭಾವ ಮಣೆಯ ಮೇಲೆ ಕುಸಿದು ಕೂತರು. “ಇಷ್ಟೇ ಕೆಲಸಕ್ಕೆ ಅವನ ಕಣ್ಣು ಹೋಯ್ತು” ಅಂದರು.

ಪುಟ್ಟಿ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಳು. “ನೀವೊಬ್ಬರೇ ಅಲ್ಲ. ಅದು ತಪ್ಪು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಹಾಕ್ದೆ. ಸುಸ್ತಾಗಿತ್ತು ಭಾವ. ಜಗಳ ಸಾಕಾಗಿತ್ತು.”

ಅಕ್ಕ ತಂಗಿಯ ತಲೆಯ ಮೇಲೆ ಕೈಯಿಟ್ಟು ನಿಂತಳು. “ಜಗಳ ಆಡಿಸಿದ್ದು ನಾನು” ಅಂದಳು.

ಅವತ್ತೇ ಹಳೆಯ ಪೋಸ್ಟ್ ಹೋಯಿತು. ಆ ಜಾಗದಲ್ಲಿ ಹೊಸದು ಬಂತು. ಒಲೆಯಣ್ಣ ತಮಾಷೆ ಮಾಡದೆ ಬರೆದ ಮೊದಲ ಪೋಸ್ಟ್ ಅದು. ತಾವು ತಪ್ಪಿದ್ದೆಲ್ಲಿ, ತಮ್ಮ ಬೇಕರಿಯಲ್ಲಿ ಏನಾಯಿತು, ಎಲ್ಲವನ್ನೂ ಹೇಳಿದರು. ಅದರ ಕೆಳಗೆ ಪುಟ್ಟಿ ತನ್ನ ತಪ್ಪನ್ನೂ ಬರೆದಳು. ಕೆಲವರು ಬೈದರು. ಅವಳು ಯಾವ ಬೈಗುಳವನ್ನೂ ಅಳಿಸಲಿಲ್ಲ.

ಮರುವಾರ ಪುಟ್ಟಿಯೂ ಭಾವನೂ ಡ್ರೈವರ್ ಮನೆಗೆ ಹೋದರು. ಡ್ರೈವರಿಗೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಭಾವ ಕೈ ಮುಗಿದರೆ, ಅವರು ಕೈ ಬಿಡಿಸಿ ಕುರ್ಚಿ ತೋರಿಸಿದರು. ಕೋಪ ಇರಲಿಲ್ಲ ಎಂದಲ್ಲ. ಮಾತು ಕಡಿಮೆ ಇತ್ತು. ಹೊರಡುವಾಗ ಅವರೇ ಪುಟ್ಟಿಯನ್ನು ಕೇಳಿದರು.

“ಮೇಡಂ, ಹನ್ನೊಂದು ಸಾವಿರ ಜನ ಬರೆಯೋದನ್ನೆಲ್ಲ ನೀವೊಬ್ಬರೇ ಓದ್ತೀರಾ?”

“ಒಬ್ಬಳೇ.”

“ಅದಕ್ಕೇ ಹೀಗಾಗಿದೆ. ನಂಗೂ ಸ್ವಲ್ಪ ಕೊಡಿ. ಒಂದೇ ಕಣ್ಣಲ್ಲಿ ಓದಿದ್ರೂ ಪೂರ್ತಿ ಓದ್ತೀನಿ.”

ಈಗ ಬೆಳಗಿನ ಪಾಳಿ ಡ್ರೈವರದು. ಸಂಜೆ ಬ್ರೆಡ್ಡು ಅಂಗಡಿಗಳಿಗೆ ಹೋದಮೇಲೆ ಭಾವನದು. ರಾತ್ರಿ ಪುಟ್ಟಿಯದು. ಪೋಸ್ಟ್ ತೆಗೆದರೆ ಏಕೆ ತೆಗೆದೆವು ಎಂದು ಎರಡು ಸಾಲು ಬರೆಯುವುದು ಮೂವರೂ ಒಪ್ಪಿಕೊಂಡ ನಿಯಮ. ಜಗಳಗಳು ನಿಂತಿಲ್ಲ, ಕೂದಲಿನ ಎಣ್ಣೆಯೂ ನಿಂತಿಲ್ಲ. ಪುಟ್ಟಿಯ ಆಯಾಸ ಪೂರ್ತಿ ಹೋಗಿಲ್ಲ. ಆದರೆ ಮಧ್ಯಾಹ್ನದ ಊಟವನ್ನು ಬಿಸಿ ಇರುವಾಗಲೇ ಮುಗಿಸುತ್ತಾಳೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬಿಯರ್ ಮಾಡಿ ಎಂದೋ ಬೇಡ ಎಂದೋ ಹೇಳಲು ಈ ಕಥೆ ಹೇಳಲಿಲ್ಲ. ಬಿಯರೇ ಇರಲಿ, ಶುಂಠಿಯ ಪಾನೀಯವೇ ಇರಲಿ, ಈಸ್ಟ್ ಹಾಕಿದ ಯಾವ ರಸವನ್ನೂ ದಿನ ಎಣಿಸಿ ಮುಚ್ಚಬೇಡಿ. ಅಳತೆ ಮಾಡಿ. ಇಳಿಯಬೇಕಾದ ಗೆರೆಗೆ ಇಳಿದು ಮೂರು ದಿನ ಅಲ್ಲೇ ನಿಂತಮೇಲೆ, ಒತ್ತಡ ತಡೆಯುವ ದಪ್ಪ ಬಾಟಲಿಗೇ ತುಂಬಿ. ಅನುಮಾನ ಬಂದ ಬಾಟಲಿಯನ್ನು ಬರಿಗೈಯಲ್ಲಿ, ಬರಿಗಣ್ಣಲ್ಲಿ ಮುಟ್ಟಬೇಡಿ. ಗುಂಪಿನಲ್ಲಿ ಏನಾದರೂ ಹೇಳುವ ಮುಂಚೆ ‘ನನ್ನ ಮನೆಯಲ್ಲಿ ಹೀಗೆ ಆಯಿತು, ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ’ ಎಂದು ಸೇರಿಸಿ. ಅಪಾಯದ ಮಾತು ಕಂಡರೆ ನಕ್ಕು ಮುಂದೆ ಹೋಗದೆ ಮಾಡರೇಟರಿಗೆ ತಿಳಿಸಿ. ಆ ಕಡೆ ಕೂತು ಎಲ್ಲವನ್ನೂ ಓದುವವರು ಒಬ್ಬರೇ ಇದ್ದರೆ, ಇವತ್ತೇ ಅವರಿಗೆ ಒಂದು ಸಾಲು ಬರೆಯಿರಿ: ‘ನಾನೂ ಸ್ವಲ್ಪ ಓದಿಕೊಡಲೇ?’