ಎರಡು ಉಸಿರಿನ ಹಲಗೆ

ಫಿನ್ಲೊನ ಹಳೆಯ ಬೈಕಿಗೆ ಎರಡು ಸಿಲಿಂಡರು, ಒಂದೊಂದಕ್ಕೂ ಗಾಳಿ ಮತ್ತು ಪೆಟ್ರೋಲು ಬೆರೆಸಿ ಉಣಿಸುವ ಒಂದೊಂದು ಕಾರ್ಬ್ಯುರೇಟರು. ಎರಡೂ ಒಂದೇ ಅಳತೆಯಲ್ಲಿ ಉಸಿರೆಳೆದರೆ ಬೈಕು ಹಾಡುತ್ತದೆ. ಆ ಚಳಿಗಾಲ ಕಳೆದ ಮೇಲೆ ಅದು ಹಾಡುವುದನ್ನು ಮರೆತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಿಂತಲ್ಲೇ ನಡುಗುತ್ತಿತ್ತು, ಕೆಮ್ಮುತ್ತಿತ್ತು.

ಹಾಗೆ ಕೆಮ್ಮುವ ಬೈಕಿನಲ್ಲೇ ಅವನು ಬೆಟ್ಟದ ರಸ್ತೆಗೆ ಹೋಗುತ್ತಿದ್ದ. ನಮ್ಮ ದ್ವೀಪದಲ್ಲಿ ಹುಡುಗರಿಗೆ ಬೈಕು ಹತ್ತಬೇಡ ಅನ್ನುವುದೂ ಒಂದೇ, ಉಸಿರಾಡಬೇಡ ಅನ್ನುವುದೂ ಒಂದೇ. ಬೆಟ್ಟದ ತಿರುವುಗಳಲ್ಲಿ ಯಾರು ಯಾರು ಉಳಿದುಹೋದರು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿದ್ದರೂ ಪ್ರತಿ ಮನೆಗೂ ಗೊತ್ತು. ಅವನ ತಂಗಿ ಬ್ರೀಶಿಗೆ ಅದು ಕನಸಿನಲ್ಲೂ ಗೊತ್ತಿತ್ತು. ಅಣ್ಣನನ್ನು ತಡೆಯಲಾಗದಿದ್ದರೆ ಅವನ ಬೈಕನ್ನಾದರೂ ನೆಟ್ಟಗೆ ಮಾಡೋಣವೆಂದು ಅವಳು ಹಲಗೆ ಹಿಡಿದು ಕೂತಳು.

ಮುರಿದ ಮಂಚದ ಒಂದು ಹಲಗೆ, ಮೀನಿನ ತೊಟ್ಟಿಗೆ ಗಾಳಿ ಬಿಡುವಂಥ ಪಾರದರ್ಶಕ ಕೊಳವೆ, ಒಂದಿಷ್ಟು ತಂತಿ. ಕೊಳವೆಯನ್ನು ಉಯ್ಯಾಲೆಯ ಹಗ್ಗದ ಹಾಗೆ ಹಲಗೆಯ ಮೇಲೆ ಇಳಿಬಿಟ್ಟು ಕಟ್ಟಿದಳು. ಅರ್ಧದವರೆಗೆ ಹಸಿರು ಎಣ್ಣೆ ಹೊಯ್ದಳು. ಕಾರ್ಬ್ಯುರೇಟರುಗಳ ಹಿಂದೆ ಒಂದೊಂದು ಸಣ್ಣ ಮೂತಿ ಇರುತ್ತದೆ, ಅದಕ್ಕೊಂದು ರಬ್ಬರಿನ ಮುಚ್ಚಳ. ಮುಚ್ಚಳ ತೆಗೆದು ಕೊಳವೆಯ ಎರಡು ತುದಿಗಳನ್ನು ಆ ಎರಡು ಮೂತಿಗಳಿಗೆ ಸಿಕ್ಕಿಸಬೇಕು. ಜೋರಾಗಿ ಎಳೆಯುವ ಕಡೆಗೆ ಎಣ್ಣೆ ಏರುತ್ತದೆ. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತ ಎಣ್ಣೆಯನ್ನು ಸಮಕ್ಕೆ ತಂದರೆ ಎರಡು ಉಸಿರೂ ಸಮವಾದ ಹಾಗೆ.

ಫಿನ್ಲೊ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಬೈಕಿಗೋ ಹಸುವಿನ ಹೊಟ್ಟೆನೋವಿಗೋ ಎಂದು ಕೇಳಿದ. ಮೊದಲು ಹಸುವಿಗೆ ಹಾಕಿ ನೋಡೋಣ, ಬಗ್ಗು ಅಂದಳು ಬ್ರೀಶಿ.

ಇಂಜಿನ್ ಶುರುವಾದದ್ದೇ ತಡ, ಎಣ್ಣೆ ಎಡಗಡೆಗೆ ಹಾವಿನಂತೆ ಸರಸರ ಏರಿತು. ಇನ್ನೇನು ಮೂತಿಯೊಳಗೆ ನುಗ್ಗಬೇಕು, ಅಷ್ಟರಲ್ಲಿ ಅವಳು ಕೊಳವೆಯನ್ನು ಚಿವುಟಿ ಹಿಡಿದಳು. ಅಣ್ಣ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸ್ಕ್ರೂ ತಿರುಗಿಸಿದ. ಅವಳು ಬೆರಳನ್ನು ಸಡಿಲಿಸುತ್ತ ಬಂದಳು. ಎಣ್ಣೆ ಇಳಿಯಿತು, ತೂಗಾಡಿತು, ಕೊನೆಗೆ ಎರಡು ಕಡೆಯೂ ಒಂದೇ ಗೆರೆಯಲ್ಲಿ ನಿಂತಿತು. ಕೆಮ್ಮು ಹೋಗಿ ಒಂದೇ ದನಿ ಉಳಿಯಿತು. ಅಡಿಗೆಮನೆಯ ಕಿಟಕಿಯಿಂದ ಅಜ್ಜಿ ವೊರಿ ಇಣುಕಿ, ಈಗ ಅದಕ್ಕೂ ಹೊಟ್ಟೆ ತುಂಬಿತು ಅಂತ ಕಾಣುತ್ತೆ ಅಂದಳು.

ಇಂಜಿನ್ ನಿಲ್ಲಿಸಿ ಬಲಗಡೆಯ ಕೊಳವೆಯನ್ನು ಅವನು ಕಿತ್ತ, ಎಡಗಡೆಯದನ್ನು ಅವಳು ಕಿತ್ತಳು. ನಿನ್ನ ಕಡೆಯ ಮುಚ್ಚಳ ನೀನು ಹಾಕು, ನನ್ನದನ್ನು ನಾನು ಹಾಕುತ್ತೇನೆ ಎಂದು ಮಾತಾಗಿತ್ತು. ಆದರೆ ಎಡಗಡೆಯ ತುದಿಯಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಅವಳು ಹಲಗೆಯನ್ನು ಎತ್ತಿ ಹಿಡಿದು, ಹಸುಗೂಸನ್ನು ಒಯ್ಯುವಂತೆ ಕೊಟ್ಟಿಗೆಯ ಮೂಲೆಗೆ ಒಯ್ದು ನಿಲ್ಲಿಸಿದಳು. ಹಿಂದೆ ಅವನು ಮತ್ತೆ ಬೈಕು ಶುರು ಮಾಡಿದ್ದು ಕೇಳಿಸಿತು. ನಿಂತಲ್ಲೇ ಇಂಜಿನ್ನಿನ ವೇಗ ಯಾಕೋ ತುಸು ಹೆಚ್ಚಿತ್ತು. ಹಸಿದಿದ್ದ ಕುದುರೆ ಮೇವು ಕಂಡರೆ ಹೀಗೇ ಎಂದುಕೊಂಡು ಅವನು ಇಂಜಿನ್ನಿನ ಪಕ್ಕದ ಗುಂಡಿ ತಿರುಗಿಸಿ ಅದನ್ನು ತಗ್ಗಿಸಿದ. ಮಂಜು ಇಳಿಯುವುದರೊಳಗೆ ರ್‍ಯಾಮ್ಸಿಯ ಕಡೆಯಿಂದ ಬೆಟ್ಟ ಹತ್ತಿ ಬರುತ್ತೇನೆ, ಚಹಾ ಇಟ್ಟಿರು ಎಂದು ಹೆಲ್ಮೆಟ್ ಏರಿಸಿದ.

ಬ್ರೀಶಿ ಎಣ್ಣೆಗೈ ಒರೆಸಿಕೊಳ್ಳಲು ಜೇಬಿನಿಂದ ಬಟ್ಟೆ ಎಳೆದಳು. ಬಟ್ಟೆಯ ಜೊತೆಗೆ ಎಡಗಡೆಯ ಮೂತಿಯ ರಬ್ಬರಿನ ಮುಚ್ಚಳ ನೆಲಕ್ಕೆ ಬಿತ್ತು.

ಅಣ್ಣ ಗೇಟಿನ ಹತ್ತಿರ ಕಾಲೂರಿ ನಿಂತು ರಸ್ತೆಯ ಎರಡೂ ಕಡೆ ನೋಡುತ್ತಿದ್ದ. ಒಂದು ಕೂಗು ಸಾಕಿತ್ತು. ಅವಳ ಬಾಯಿ ತೆರೆಯಿತು. ದನಿ ಹೊರಡಲಿಲ್ಲ.

ಅಜ್ಜಿ ಪೀಲ್ ಬಂದರಿನ ಬೆಸ್ತರ ಮಗಳು. ಹೊರಟವನನ್ನು ಬೆನ್ನ ಹಿಂದಿನಿಂದ ಕೂಗಬಾರದು, ಕೂಗಿದರೆ ಆ ಹೆಸರನ್ನು ಕಡಲೂ ಕೇಳಿಸಿಕೊಳ್ಳುತ್ತದೆ ಎಂಬುದು ಆ ಮನೆಗಳ ನೇಮ. ಗಂಡ ಮರೆತ ತಂಬಾಕಿನ ಪೈಪಿಗಾಗಿ ಅವನನ್ನು ಕೂಗಿ ಕರೆದವಳ ಕಥೆಯನ್ನು ಬ್ರೀಶಿ ತೊಟ್ಟಿಲಿನಿಂದಲೇ ಕೇಳಿದ್ದಳು. ದೋಣಿ ಬಂತಂತೆ, ಅವನು ಬರಲಿಲ್ಲವಂತೆ. ಕೂಗುವ ಬದಲು ಓಡಿದಳು. ಗೇಟು ಮುಟ್ಟುವಷ್ಟರಲ್ಲಿ ಬೈಕು ಸಲ್ಬಿ ಸೇತುವೆ ದಾಟಿತ್ತು.

ಫೋನು ಮಾಡಿದಳು. ಅವನ ಫೋನು ಕೊಟ್ಟಿಗೆಯ ಮೇಜಿನ ಮೇಲೆಯೇ ಗುಂಯ್ಗುಟ್ಟಿತು.

ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತೆರೆದ ಮೂತಿಯಿಂದ ಬರೀ ಗಾಳಿ ನುಗ್ಗುತ್ತದೆ. ಆ ಕಡೆಯ ಸಿಲಿಂಡರಿಗೆ ಪೆಟ್ರೋಲು ಸಾಲದೆ ಒಳಗೆಲ್ಲ ಕೆಂಡವಾಗುತ್ತದೆ. ಊರೊಳಗಿನ ನಿಧಾನದಲ್ಲಿ ಏನೂ ತಿಳಿಯದು. ಬೆಟ್ಟದ ಏರಿನಲ್ಲಿ ಓಡಿಸಿದಾಗ ಸಿಲಿಂಡರಿನೊಳಗೆ ಏರಿಳಿಯುವ ಪಿಸ್ಟನ್ ಕಾದು ಅಲ್ಲೇ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಬಿಗಿದು ನಿಲ್ಲುತ್ತದೆ.

ಒಲೆಯಿಂದ ಬೊನಗ್ ರೊಟ್ಟಿ ತೆಗೆಯುತ್ತಿದ್ದ ಅಜ್ಜಿಗೆ ಅವಳು ತೊದಲುತ್ತಲೇ ಎಲ್ಲ ಹೇಳಿದಳು. ಅಜ್ಜಿ ರೊಟ್ಟಿಯ ತಟ್ಟೆಯನ್ನು ಕೆಳಗಿಟ್ಟಳು.

"ಗೇಟ್ ಹತ್ರಾನೇ ಇದ್ನಲ್ಲೇ. ಕೂಗ್ಲಿಲ್ವಾ?"

"ನೀನೇ ಹೇಳಿದ್ದಲ್ವಾ ಅಜ್ಜಿ, ಹೊರಟೋರನ್ನ ಕೂಗ್ಬಾರ್ದು ಅಂತ."

ಅಜ್ಜಿ ಅವಳನ್ನೇ ನೋಡಿದಳು. ಮುಖದ ಬಣ್ಣ ಇಳಿಯಿತು.

"ಅದು ದೋಣಿಯೋರ ಮಾತು ಕಣೇ ಹುಡುಗಿ. ರಸ್ತೆಗಲ್ಲ."

ಅದು ಮೊದಲಿನಿಂದಲೂ ಹಾಗೆಯೇ ಇತ್ತೋ, ಅಜ್ಜಿ ಆಗಷ್ಟೇ ಕಟ್ಟಿದಳೋ ಬ್ರೀಶಿಗೆ ತಿಳಿಯಲಿಲ್ಲ. ಅಜ್ಜಿ ಆಗಲೇ ಕೋಟು ಹಾಕಿಕೊಂಡು ವ್ಯಾನಿನ ಕಡೆಗೆ ನಡೆದಿದ್ದಳು.

ಫಿನ್ಲೊ ರ್‍ಯಾಮ್ಸಿ ಸುತ್ತಿ ಬರಬೇಕು. ಕಣಿವೆಯ ಕಿರುದಾರಿ ಹಿಡಿದರೆ ಅವನಿಗಿಂತ ಮೊದಲೇ ಬೆಟ್ಟದ ಮೇಲಿನ ಕೂಡುರಸ್ತೆ ಸೇರಬಹುದು, ಎದುರು ನಿಂತು ತಡೆಯಬಹುದು. ಬ್ರೀಶಿ ವ್ಯಾನನ್ನು ಒಂದೇ ಸಮನೆ ಏರಿಸಿದಳು. ಕಲ್ಲುಗೋಡೆಗಳು ಎರಡೂ ಬದಿಯಿಂದ ಒತ್ತಿಕೊಂಡು ಬಂದವು. ಅರ್ಧ ದಾರಿಯಲ್ಲಿ ಮಂಜು ಸಿಕ್ಕಿತು. ಕಡಲೊಡೆಯ ಮನನಾನ್ ವೈರಿಗಳ ಕಣ್ಣು ಕಟ್ಟಲು ದ್ವೀಪಕ್ಕೆ ಕಂಬಳಿ ಹೊದಿಸುತ್ತಾನೆ ಎನ್ನುವುದುಂಟು. ಆ ಮಧ್ಯಾಹ್ನ ಆ ಕಂಬಳಿಯೊಳಗೆ ಅವಳಿಗೆ ತನ್ನ ಕೈಯಾಚೆ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಾಳೆಂದು ಕೇಳಲು ಬ್ರೀಶಿಗೆ ಧೈರ್ಯವಾಗಲಿಲ್ಲ.

ಕೂಡುರಸ್ತೆಯ ಅಂಚಿಗೆ ವ್ಯಾನು ಸರಿಸಿ ದೀಪಗಳನ್ನು ಮಿನುಗಲು ಬಿಟ್ಟು ಇಬ್ಬರೂ ಕೆಳಗಿಳಿದರು. ಗಾಳಿಯಿರಲಿಲ್ಲ. ಎಲ್ಲೋ ಕುರಿಯೊಂದು ಹುಲ್ಲು ಹರಿಯುವುದು ಕೇಳಿಸುತ್ತಿತ್ತು. ಆಮೇಲೆ ದೂರದಲ್ಲಿ, ಕೆಳಗಿನಿಂದ, ಬೈಕಿನ ಸದ್ದು.

ಆ ದನಿ ಅವಳಿಗೆ ಗುರುತು ಸಿಕ್ಕಿತು. ಈಗ ಅದು ಹಾಡಾಗಿರಲಿಲ್ಲ. ತೆಳ್ಳಗಾಗಿ, ಹಲ್ಲು ಕಚ್ಚಿ ಕಿರುಚುವಂತಿತ್ತು. ಹತ್ತಿರವಾಯಿತು. ಇನ್ನೂ ಹತ್ತಿರ. ಬ್ರೀಶಿ ಎರಡೂ ಕೈ ಮೇಲೆತ್ತಿದಳು.

ಸದ್ದು ನಿಂತಿತು. ನಿಧಾನವಾಗಿ ಅಲ್ಲ, ಕತ್ತರಿಸಿದಂತೆ. ಕಬ್ಬಿಣ ನೆಲಕ್ಕೆ ಉಜ್ಜುವ ಒಂದು ಉದ್ದನೆಯ ಸದ್ದು. ಮತ್ತೆ ಕುರಿ ಹುಲ್ಲು ಹರಿಯುವುದು ಮಾತ್ರ.

ಮೊದಲು ಕೂಗಿದವಳು ಅಜ್ಜಿ. ಆ ಮುದಿ ಗಂಟಲಿನಲ್ಲಿ ಅಂಥ ದನಿ ಇದ್ದುದು ಬ್ರೀಶಿಗೆ ಗೊತ್ತಿರಲಿಲ್ಲ. ಫಿನ್ಲೊ, ಫಿನ್ಲೊ ಎನ್ನುತ್ತ ಅಜ್ಜಿ ಮಂಜಿನೊಳಗೆ ನಡೆದೇ ಬಿಟ್ಟಳು. ಬ್ರೀಶಿ ಹಿಂದೆ ಓಡಿದಳು. ಇಳಿಜಾರಿನ ತಿರುವಿನಲ್ಲಿ, ಕಾಲ ಬುಡದಿಂದಲೇ ಎಂಬಂತೆ ಉತ್ತರ ಬಂತು.

"ಸಾಕು ನಿಲ್ಸಜ್ಜಿ. ಬೆಟ್ಟದ ಕುರಿಯೆಲ್ಲ ಓಡಿಹೋಗ್ತವೆ."

ಅವನು ರಸ್ತೆಯ ನಡುವೆ ಬಿದ್ದಿದ್ದ. ಬೈಕು ಅವನ ಒಂದು ಕಾಲಿನ ಮೇಲಿತ್ತು. ತುಟಿ ನಗುತ್ತಿದ್ದರೂ ಮುಖ ಸುಣ್ಣದಂತಿತ್ತು. ಇಂಜಿನ್ನಿನ ಬಿಸಿ ಮಾರುದೂರಕ್ಕೇ ಹೊಡೆಯುತ್ತಿತ್ತು, ಪೆಟ್ರೋಲಿನ ವಾಸನೆಯೂ ಇತ್ತು. ಇಬ್ಬರೂ ಹಿಡಿದೆತ್ತಿದರು. ಬೈಕು ಒಂದಿಷ್ಟು ಮೇಲೆದ್ದು ಮತ್ತೆ ಕೂತಿತು. ಫಿನ್ಲೊ ಹಲ್ಲು ಕಚ್ಚಿದ. ಎರಡನೆಯ ಸಲ ಎತ್ತಲು ಬಗ್ಗಿದಾಗ ಕೆಳಗಿನಿಂದ ಇನ್ನೊಂದು ಸದ್ದು ಕೇಳಿಸಿತು. ಲಾರಿಯೋ, ಟ್ರ್ಯಾಕ್ಟರೋ, ಭಾರದ್ದು. ಏರು ಹತ್ತಿ ಬರುತ್ತಿತ್ತು.

ಮಿನುಗುವ ವ್ಯಾನು ಮೇಲೆ, ತಿರುವಿನಾಚೆ ಇತ್ತು. ಬರುವವನಿಗೆ ಅದು ಕಾಣುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

"ಹೋಗೇ," ಅಂದಳು ಅಜ್ಜಿ. ಅವಳು ಮೊಮ್ಮಗನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ರಸ್ತೆಯಲ್ಲೇ ಕೂತಿದ್ದಳು. "ನಾನು ಇಲ್ಲಿಂದ ಏಳಲ್ಲ."

ಬ್ರೀಶಿ ಇಳಿಜಾರಿನಲ್ಲಿ ಓಡಿದಳು. ಕೂಗಲು ಹೆಸರಿರಲಿಲ್ಲ, ಬರುವವನು ಯಾರೋ ಗೊತ್ತಿರಲಿಲ್ಲ. ನಿಲ್ಲು, ನಿಲ್ಸು, ಮನುಷ್ಯರಿದ್ದಾರೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೂಗಿದಳು. ಗಂಟಲು ಹರಿದ ಹಾಗಾಯಿತು, ಆದರೂ ಕೂಗಿದಳು. ಮಂಜು ಹಳದಿಯಾಯಿತು. ಎರಡು ದೀಪಗಳು ಹಿಗ್ಗಿದವು. ಅವಳು ರಸ್ತೆಯ ನಡುವೆ ಕೈ ಬೀಸುತ್ತ ನಿಂತಳು, ಪಕ್ಕಕ್ಕೆ ಸರಿಯಲಿಲ್ಲ.

ಬ್ರೇಕು ಕಿರುಗುಟ್ಟಿತು. ಬಿಸಿ ಹೊಗೆ ಅವಳ ಮುಖಕ್ಕೆ ಬಂತು. ಕುರಿ ಸಾಗಿಸುವ ಲಾರಿ ಅದು. ಚಾಲಕ ಕೆಳಗಿಳಿದು, ಏನಾಯಿತಮ್ಮ, ಯಾರು ಕೂಗಿದ್ದು ಎಂದು ಕೇಳಿದ. ಉತ್ತರ ಕೊಡಲು ಬ್ರೀಶಿಯಲ್ಲಿ ದನಿ ಉಳಿದಿರಲಿಲ್ಲ. ಅವನ ತೋಳು ಹಿಡಿದು ಎಳೆದುಕೊಂಡು ಅಣ್ಣನ ಕಡೆಗೆ ಓಡಿದಳು.