ಬಾಯಿಗೆ ಅರ್ಧ ಗಂಟೆ ಬೀಗ

ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ದರ್ಜಿಯಮ್ಮ ದಾರವನ್ನು ಹಲ್ಲಿನಲ್ಲೇ ಕಡಿಯುವವಳು. ಕೊನೆಗೆ ತಣ್ಣೀರು ಸೋಕಿದರೂ ಹಲ್ಲು ಜುಂ ಎನ್ನತೊಡಗಿತು. ಹಲ್ಲಿನ ಡಾಕ್ಟರ್ ಇನ್ನೂ ಹುಡುಗ. ಬಾಯೊಳಗೆ ದೀಪ ಹಿಡಿದು ನೋಡಿದ.

"ಮೇಲಿನ ಪದರ ಸವೆದುಹೋಗಿದೆ, ಅಮ್ಮ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಈ ಫ್ಲೋರೈಡ್ ಜೆಲ್ ಹಚ್ಚಿ, ಆಮೇಲೆ ಉಗುಳಿ. ನೀರು ಹಾಕಿ ಮುಕ್ಕಳಿಸಬೇಡಿ. ಅರ್ಧ ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ." ಆಮೇಲೆ ನಗುತ್ತಾ, "ಮಾತೂ ಬೇಡ" ಎಂದು ಸೇರಿಸಿದ.

ಅವಳು ತಮಾಷೆಯನ್ನೂ ಔಷಧಿಯಂತೆಯೇ ಪಾಲಿಸಿದಳು. ಬೇಕೆಂದೇ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಜೆಲ್ ಹಚ್ಚಿ, ತುಟಿ ಬಿಗಿದು ಮಿಷನ್ ಮುಂದೆ ಕೂರುತ್ತಿದ್ದಳು. ಯಾರಾದರೂ "ಯಾಕಮ್ಮ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?" ಎಂದರೆ ಕೆನ್ನೆ ಮುಟ್ಟಿ ಸನ್ನೆ ಮಾಡಬೇಕೆಂಬ ಆಸೆ. ಗಿರಾಕಿಗಳೇನೋ ಬಂದರು. ಬಟ್ಟೆಯ ಜೊತೆ ಹಳೇ ಅಂಗಿ ಇಟ್ಟು, "ಇದೇ ಅಳತೆ, ಶುಕ್ರವಾರ ಬರ್ತೀನಿ" ಎಂದು ಫೋನ್ ನೋಡುತ್ತಲೇ ಹೋದರು. ಅಳತೆಯ ಅಂಗಿ ಇದ್ದ ಮೇಲೆ ದರ್ಜಿಯ ಹತ್ತಿರ ಮಾತೇಕೆ!

ತಿಂಗಳಾದ ಮೇಲೆ ಡಾಕ್ಟರ್ ಮತ್ತೆ ದೀಪ ಹಿಡಿದ. "ಪರವಾಗಿಲ್ಲ, ಹಲ್ಲು ಚೇತರಿಸಿಕೊಳ್ತಿದೆ. ಅರ್ಧ ಗಂಟೆ ಸುಮ್ನಿರೋದು ಕಷ್ಟ ಆಯ್ತಾ, ಅಮ್ಮ?"

"ಇಲ್ಲಪ್ಪ," ಎಂದಳು ದರ್ಜಿಯಮ್ಮ. "ಯಾರಿಗೂ ಗೊತ್ತೇ ಆಗ್ಲಿಲ್ಲ."